ಇಪ್ಪತ್ತೊಂಬತ್ತೂವರೆ ಕಿಲೋ ಏಕಾಂತ

ನನ್ನ ಡೈರಿಯಲ್ಲಿ ಜನವರಿ ಹದಿನೇಳರ ಪುಟ ಮಿಕ್ಕ ಪುಟಗಳಿಗಿಂತ ದಪ್ಪ. ಡೈರಿಯನ್ನು ಮುಚ್ಚಿಟ್ಟರೂ ಅದೊಂದು ಜಾಗ ಹೊಟ್ಟೆ ಬಿರಿಯ ಉಂಡವರ ಹಾಗೆ ಉಬ್ಬಿಕೊಂಡಿರುತ್ತದೆ. ಕಾರಣ, ಆ ಪುಟಕ್ಕೆ ನಾಲ್ಕು ಇಂಚು ಉದ್ದದ ಕಂದು ಬಣ್ಣದ ಪ್ಯಾಕಿಂಗ್ ಟೇಪಿನ ತುಂಡೊಂದನ್ನು ಅಂಟಿಸಿದ್ದೇನೆ. ಬೆಳಕಿಗೆ ಹಿಡಿದರೆ ಅದರ ಅಂಚಿನಲ್ಲಿ ಹಲ್ಲಿನ ಗುರುತುಗಳು ಸಾಲಾಗಿ ಕಾಣುತ್ತವೆ. ಒಟ್ಟು ಹದಿಮೂರು. ಹೌದು, ಎಣಿಸಿದ್ದೇನೆ. ಹಲ್ಲುಗಳು ನನ್ನವೇ.

ಎಣಿಸುವ ಚಟ ನನಗೆ ಹನ್ನೊಂದನೆಯ ವಯಸ್ಸಿಗೆ ಅಂಟಿಕೊಂಡಿತು. ಅಪ್ಪನಿಗೆ ಯಾರೋ ಕೊಟ್ಟ ಡೈರಿಯೊಂದು ವರ್ಷದ ಮಧ್ಯದಲ್ಲಿ ನನ್ನ ಪಾಲಿಗೆ ಬಂತು. ಬರೆಯುವುದಕ್ಕೆ ನನ್ನ ಬದುಕಿನಲ್ಲಿ ಏನೂ ನಡೆಯುತ್ತಿರಲಿಲ್ಲವಾದ್ದರಿಂದ ಮೊದಲ ದಿನ "ಇಡ್ಲಿ ಆರು" ಎಂದು ಬರೆದೆ. ಮರುದಿನ "ಇಡ್ಲಿ ಇಲ್ಲ. ಉಪ್ಪಿಟ್ಟು. ಎಣಿಸಲು ಬರುವುದಿಲ್ಲ" ಎಂದು ಬರೆದೆ. ಅಂದಿನಿಂದ ಇಂದಿನವರೆಗೆ ನನ್ನ ಸಾಹಿತ್ಯ ಇದಕ್ಕಿಂತ ಮೇಲಕ್ಕೇನೂ ಏರಿಲ್ಲ. ಕರೆಂಟು ಹೋದ ಸಲ, ಗೋಡೆಯ ಮೇಲಿನ ಹಲ್ಲಿಗಳು, ಚಿಕ್ಕಪ್ಪ "ನಮ್ಮ ಕಾಲದಲ್ಲಿ" ಎಂದ ಸಲ, ಎಲ್ಲವೂ ದಿನಾಂಕ ಸಮೇತ ದಾಖಲಾಗಿವೆ. ಈಗ ಅಬುಧಾಬಿಯಲ್ಲಿ ಒಂದು ಗೋದಾಮಿನ ದಾಸ್ತಾನು ವಿಭಾಗದಲ್ಲಿ ಕೆಲಸ ಮಾಡುತ್ತೇನೆ. ಎಣಿಸುವುದಕ್ಕೇ ಸಂಬಳ ಕೊಡುವವರು ಭೂಮಿಯ ಮೇಲೆ ಇದ್ದಾರೆಂದು ತಿಳಿದ ದಿನ ನನಗಾದ ಸಂತೋಷವನ್ನು ನೀವು ಊಹಿಸಿಕೊಳ್ಳಿ.

ಡೈರಿಯ ಕೊನೆಯ ಪುಟದಲ್ಲಿ ಕೆಲವು ಖಾಯಂ ಪಟ್ಟಿಗಳಿವೆ. ಅವುಗಳಲ್ಲೊಂದು "ಒಂಟಿಯಾಗಿ ಮಲಗಿದ ರಾತ್ರಿಗಳು". ಕಳೆದ ಜನವರಿಯವರೆಗೆ ಅದರ ಮುಂದೆ ಇದ್ದದ್ದು ಸೊನ್ನೆ.

ನಗಬೇಡಿ. ನಿಮ್ಮ ಲೆಕ್ಕವನ್ನೂ ಒಮ್ಮೆ ಹಾಕಿ ನೋಡಿ. ಮೈಸೂರಿನ ಒಂಟಿಕೊಪ್ಪಲಿನ ನಮ್ಮ ಮನೆಯ ನಡುಮನೆಯಲ್ಲಿ ನಾವು ಏಳು ಮಕ್ಕಳು ಸಾಲಾಗಿ ಮಲಗುತ್ತಿದ್ದೆವು. ವಯಸ್ಸಿನ ಪ್ರಕಾರ ನಾನು ಮೂರನೆಯವನು. ಎರಡು ಜಮಖಾನ, ಏಳು ದೇಹ. ಒಬ್ಬ ಮಗ್ಗುಲು ಬದಲಿಸಿದರೆ ಅಲೆಯೆದ್ದ ಹಾಗೆ ಏಳೂ ಜನ ಬದಲಿಸಬೇಕು. ನೀರು ಕುಡಿಯಲೆಂದು ಎದ್ದು ಹೋದಿರೋ, ಆಚೀಚೆಯವರು ನಿದ್ದೆಯಲ್ಲೇ ಹಿಗ್ಗಿ ನಿಮ್ಮ ಜಾಗವನ್ನು ನುಂಗಿಬಿಡುತ್ತಿದ್ದರು. ವಾಪಸು ಬಂದವನು ಕತ್ತಲಲ್ಲಿ ಸಂದು ಹುಡುಕುತ್ತಾ ಒಬ್ಬೊಬ್ಬರ ಕಾಲು ತುಳಿದು ಒಬ್ಬೊಬ್ಬರಿಂದ ಒದೆ ತಿನ್ನಬೇಕಾಗಿತ್ತು. ನಾನು ಬಾಯಾರಿಕೆಯನ್ನು ಗೆಲ್ಲಲು ಕಲಿತೆ. ಒಂದೂವರೆ ಅಡಿ ಅಗಲದಲ್ಲಿ ಪಕ್ಕಕ್ಕೆ ತಿರುಗಿ, ಕೈಗಳನ್ನು ಎದೆಗೆ ಮಡಚಿ, ಬೆಳಗಿನವರೆಗೆ ಅಲುಗದೆ ಮಲಗುವ ವಿದ್ಯೆ ನನಗೆ ಆಗಲೇ ಸಿದ್ಧಿಸಿತು. ಆಮೇಲೆ ಹಾಸ್ಟೆಲು, ಕೋಣೆಗೆ ನಾಲ್ವರು. ಆಮೇಲೆ ಗಲ್ಫು. ದುಬೈಯಲ್ಲಿ ಮೊದಲ ಎಂಟು ತಿಂಗಳು ಮುಹೈಸ್ನಾದ ಕ್ಯಾಂಪಿನಲ್ಲಿ ಅಟ್ಟದ ಮಂಚ, ನನ್ನ ಮೇಲೊಬ್ಬ, ಕೆಳಗೊಬ್ಬ. ಈಗ ಅಬುಧಾಬಿಯ ಹಮ್ದಾನ್ ಸ್ಟ್ರೀಟಿನ ಹಿಂದಿನ ಗಲ್ಲಿಯಲ್ಲಿ "ಎಕ್ಸಿಕ್ಯೂಟಿವ್ ಬೆಡ್‌ಸ್ಪೇಸ್". ಎಕ್ಸಿಕ್ಯೂಟಿವ್ ಎಂದರೆ, ಎರಡು ಮಂಚಗಳ ನಡುವೆ ಒಂದು ಪರದೆ ಇರುತ್ತದೆ.

ಇಂಥ ನಾನು ಕಳೆದ ಆಗಸ್ಟಿನಲ್ಲಿ ತುಮಕೂರಿನಲ್ಲಿ, ಹತ್ತೊಂಬತ್ತು ಜನರ ಎದುರಿನಲ್ಲಿ, ಒಂದು ಸುಳ್ಳು ಹೇಳಿದೆ.

ಅದಕ್ಕೂ ಮೊದಲು ಗಡ್ಡದವನ ವಿಷಯ ಹೇಳಬೇಕು. ಯಾವುದೋ ಹಿಮದ ನಾಡಿನ ಬೇಟೆಗಾರ. ವರ್ಷಕ್ಕೊಮ್ಮೆ ಒಬ್ಬನೇ ಏಳು ದಿನ ಬೆಟ್ಟ ಹತ್ತಿ ಎಲ್ಕ್ ಬೇಟೆಗೆ ಹೋಗುತ್ತಾನೆ. ಎಲ್ಕ್ ಎಂದರೆ ನಮ್ಮ ಕಡವೆಯ ದೊಡ್ಡಪ್ಪನಂಥ ಪ್ರಾಣಿ. ಕೊಂಬು ನೋಡಿದರೆ ಒಣಗಿದ ಮರವೊಂದು ತಲೆಯ ಮೇಲೆ ನೆಟ್ಟ ಹಾಗೆ. ಅವನ ವಿಡಿಯೊಗಳನ್ನು ನಾನು ನೂರಾರು ಗಂಟೆ ನೋಡಿದ್ದೇನೆ. ಮೊಟ್ಟೆ ಒಡೆಯುವ ಸದ್ದಿಗೇ ಮುಖ ತಿರುಗಿಸುವ ನಾನು ಬೇಟೆ ಯಾಕೆ ನೋಡುತ್ತೇನೆಂದು ಕೇಳುತ್ತೀರಿ. ಬೇಟೆಯ ಭಾಗ ಬಂದಾಗ ಮುಂದಕ್ಕೆ ಓಡಿಸಿಬಿಡುತ್ತೇನೆ. ನನಗೆ ಬೇಕಾದುದು ಅವನು ಸಾಮಾನು ಕಟ್ಟುವ ಭಾಗ. ಒಂದು ಮರದ ಮೇಜಿನ ಮೇಲೆ ನಲವತ್ತಾರು ವಸ್ತುಗಳನ್ನು ಸಾಲಾಗಿ ಜೋಡಿಸಿ, ಒಂದೊಂದನ್ನೂ ತೂಗಿ, ಗ್ರಾಮಿನಲ್ಲಿ ಹೇಳಿ, ಚೀಲಕ್ಕಿಳಿಸುತ್ತಾನೆ. "ಪ್ರತಿ ಗ್ರಾಮೂ ನಿನ್ನ ಬೆನ್ನೇರಿ ಕೂತ ಶತ್ರು" ಎನ್ನುತ್ತಾನೆ. ಹಲ್ಲುಜ್ಜುವ ಬ್ರಷ್ಷನ್ನು ಅರ್ಧಕ್ಕೆ ಕತ್ತರಿಸುತ್ತಾನೆ. ಆ ದೃಶ್ಯ ಬಂದಾಗಲೆಲ್ಲ ನನ್ನ ಕಣ್ಣು ತೇವವಾಗುತ್ತದೆ. ಇಂಥವನೊಬ್ಬ ನಮ್ಮ ಗೋದಾಮಿನಲ್ಲಿ ಇದ್ದಿದ್ದರೆ!

ಊರಿಗೆ ಹೋಗುವ ವಿಮಾನದಲ್ಲೂ ಅದನ್ನೇ ನೋಡಿದ್ದೆ. ಎರಡು ದಿನ ಬಿಟ್ಟು ತುಮಕೂರಿಗೆ ಹೆಣ್ಣು ನೋಡಲು ಹೋದೆವು. ಶುಭಾ ಎಂದು ಹೆಸರು. ಶಿವಮೊಗ್ಗದಲ್ಲಿ ಬ್ಯಾಂಕಿನ ಕೆಲಸ. ಅಲ್ಲಿ ಮಹಡಿ ಮನೆಯೊಂದನ್ನು ಬಾಡಿಗೆ ಹಿಡಿದು ನಾಲ್ಕು ವರ್ಷದಿಂದ ಒಬ್ಬಳೇ ಇದ್ದಾಳೆ. ಅವಳ ತಮ್ಮ ಕೇಳಿದ: "ರಜಾದಿನ ಏನ್ಮಾಡ್ತೀರಾ ಅಲ್ಲಿ?" ನಿಜ ಹೇಳಬೇಕೆಂದರೆ ರಜಾದಿನ ನಾನು ಬಟ್ಟೆ ಒಗೆದು ಕ್ಲಿಪ್ಪುಗಳನ್ನು ಎಣಿಸುತ್ತೇನೆ. ಆದರೆ ನನ್ನ ಬಾಯಿ, ನನ್ನನ್ನು ಕೇಳದೆ, "ಒಬ್ಬನೇ ಮರುಭೂಮಿಗೆ ಹೋಗ್ತೀನಿ. ಟೆಂಟ್ ಹಾಕ್ತೀನಿ. ಜಿಂಕೆ ಫೋಟೊ ತೆಗೀತೀನಿ. ಬೇಟೆ ಥರಾನೇ, ಆದ್ರೆ ಕ್ಯಾಮೆರಾದಲ್ಲಿ" ಎಂದುಬಿಟ್ಟಿತು.

ತಲೆ ತಗ್ಗಿಸಿದ್ದ ಶುಭಾ ಆಗ ಮೊದಲ ಬಾರಿಗೆ ನನ್ನತ್ತ ನೋಡಿದಳು.

"ಮರಳಲ್ಲಿ ಜಿಂಕೆ ಏನ್ ತಿನ್ನುತ್ತೆ?" ಎಂದ ತಮ್ಮ.

"ದಿನಕ್ಕೆ ಮೂರು ಸಲ" ಎಂದೆ.

ಯಾರೂ ನಗಲಿಲ್ಲ. ನಿಶ್ಚಿತಾರ್ಥವೇ ಆಯಿತು. ನಾನು ವಾಪಸು ಬಂದ ಮೇಲೆ, ಸೆಪ್ಟೆಂಬರಿನ ಒಂದು ಸಂಜೆ, ಅವಳು ಫೋನಿನಲ್ಲಿ ಹೇಳಿದಳು: "ನಾನ್ ಯಾಕ್ ಒಪ್ಕೊಂಡೆ ಗೊತ್ತಾ ನಿಮ್ಗೆ? ಇದುವರೆಗೆ ಬಂದವರೆಲ್ಲ, ಪಾಪ ಒಬ್ಬಳೇ ಇದ್ದೀಯ, ಇನ್ಮೇಲೆ ಒಂದು ಕ್ಷಣಾನೂ ಒಂಟಿಯಾಗಿ ಬಿಡಲ್ಲ ಅಂತಿದ್ರು. ನಂಗೆ ಭಯ ಆಗೋದು ಅದಕ್ಕೇನೇ. ನಂಗೆ ನನ್ನದೇ ಜಾಗ ಬೇಕು, ಅವಾಗವಾಗ ಒಬ್ಬಳೇ ಇರೋ ದಿನ ಬೇಕು. ಒಬ್ಬನೇ ಇರೋಕೆ ಬರೋನಿಗೆ ಅದು ಅರ್ಥ ಆಗುತ್ತೆ ಅನ್ನಿಸ್ತು."

ನಾನು ಫೋನು ಹಿಡಿದು ನಿಂತಿದ್ದದ್ದು ಅಡುಗೆಮನೆಯಲ್ಲಿ. ಎಡಕ್ಕೆ ಒಬ್ಬ ಚಪಾತಿ ಲಟ್ಟಿಸುತ್ತಿದ್ದ, ಬಲಕ್ಕೆ ಒಬ್ಬ ಪಾತ್ರೆ ತೊಳೆಯುತ್ತಿದ್ದ. "ಹೌದೌದು, ಏಕಾಂತ ಅಂದ್ರೆ ನಂಗೂ ತುಂಬಾ..." ಎಂದೆ. "ಸೈಡ್ ಕೊಡೊ" ಎಂದ ಚಪಾತಿಯವನು.

ಆಮೇಲೆ ಅವಳು ಫೋಟೊ ಕೇಳತೊಡಗಿದಳು. ಒಂದಾದರೂ ಜಿಂಕೆ ತೋರಿಸಿ ಎನ್ನುವಳು. ಸೆಪ್ಟೆಂಬರಿನಲ್ಲಿ ಸೆಕೆ ಎಂದೆ. ಅಕ್ಟೋಬರಿನಲ್ಲಿ ಹಾರ್ಡ್ ಡಿಸ್ಕ್ ಎಂದೆ. ನವೆಂಬರಿನಲ್ಲಿ ಮಂಜು ಎಂದೆ. ಡೈರಿಯ ಪ್ರಕಾರ ಒಟ್ಟು ನೆಪಗಳು ಏಳು. ಮದುವೆ ಫೆಬ್ರವರಿ ಕೊನೆಗೆ, ಆಮೇಲೆ ಇಬ್ಬರೂ ಇರಲು ಅಬುಧಾಬಿಯಲ್ಲೇ ಒಂದು ಸಣ್ಣ ಫ್ಲ್ಯಾಟು ನೋಡಿಟ್ಟಿದ್ದೆ. ಅವಳು ಒಬ್ಬ ಒಂಟಿ ಸಲಗವನ್ನು ಮದುವೆಯಾಗಲು ಹೊರಟಿದ್ದಳು. ಇಲ್ಲಿದ್ದವನು, ಪಕ್ಕದ ಮಂಚದವನು ಊರಿಗೆ ಹೋದರೆ ನಿದ್ದೆ ಬಾರದೆ ಹಾಲ್‌ನಲ್ಲಿ ಮಿಕ್ಕವರ ಪಕ್ಕ ಬಂದು ಮಲಗುವವನು. ಮದುವೆಗೆ ಮುನ್ನ ಈ ಸುಳ್ಳನ್ನು ಒಮ್ಮೆಯಾದರೂ ನಿಜ ಮಾಡಬೇಕು, ಇಲ್ಲವೇ ನಿಜ ಹೇಳಬೇಕು. ಎರಡರಲ್ಲಿ ಮೊದಲನೆಯದಕ್ಕೆ ಸಾಮಾನು ಕಟ್ಟುವ ಅವಕಾಶವಿತ್ತು. ಅದನ್ನೇ ಆರಿಸಿಕೊಂಡೆ.

ಜನವರಿ ಮೂರಕ್ಕೆ ಗಡ್ಡದವನ ಪಟ್ಟಿಯನ್ನು ಡೈರಿಗೆ ಇಳಿಸಿದೆ. ನಾಲ್ಕು ಅಂಕಣ: ವಸ್ತು, ಗ್ರಾಮ್, ಉದ್ದೇಶ, ನನ್ನ ಬದಲಿ. ಬಂದೂಕಿಗೆ ಬದಲಿ, ಸಹೋದ್ಯೋಗಿಯಿಂದ ಎರವಲು ತಂದ ಕ್ಯಾಮೆರಾ. ಹಿಮದ ಬೂಟಿಗೆ ಬದಲಿ, ಗೋದಾಮಿನ ಸೇಫ್ಟಿ ಶೂ. ಗಾಳಿ ಯಾವ ಕಡೆಗೆ ಬೀಸುತ್ತಿದೆ ಎಂದು ನೋಡಲು ಅವನು ಒಂದು ಪುಟ್ಟ ಶೀಸೆಯಲ್ಲಿ ಬಿಳಿ ಪುಡಿ ಇಟ್ಟುಕೊಳ್ಳುತ್ತಾನೆ. ಅದನ್ನು ಚಿಮ್ಮಿಸಿ, ತನ್ನ ವಾಸನೆ ಪ್ರಾಣಿಯತ್ತ ಹೋಗದ ದಿಕ್ಕಿನಲ್ಲಿ ನಿಲ್ಲುತ್ತಾನೆ. ನಾನು ಮಲ್ಲಿಗೆ ಪರಿಮಳದ ಟಾಲ್ಕಂ ಪೌಡರ್ ಇಟ್ಟುಕೊಂಡೆ. ಇದರಲ್ಲೇನೋ ತಪ್ಪಿದೆ ಎಂದು ಹೊಳೆಯಲು ನನಗೆ ಎರಡು ವಾರ ಬೇಕಾಯಿತು. ಮಾಂಸ ಹೊತ್ತು ತರಲು ಅವನು ಎಂಟು ಬಟ್ಟೆಯ ಚೀಲ ಒಯ್ಯುತ್ತಾನೆ. ನಾನೂ ಎಂಟು ಚೀಲ ಹೊಲಿಸಿದೆ. ಒಂದರಲ್ಲಿ ಅವಲಕ್ಕಿ, ಒಂದರಲ್ಲಿ ಚಟ್ನಿಪುಡಿ, ಒಂದರಲ್ಲಿ ಹುರಿಗಡಲೆ ತುಂಬಿದೆ. ಮಿಕ್ಕ ಐದನ್ನು, ಪಟ್ಟಿಯಲ್ಲಿದೆಯಲ್ಲ ಎಂದು, ಖಾಲಿಯಾಗಿಯೇ ಇಟ್ಟುಕೊಂಡೆ. ಹಲ್ಲುಜ್ಜುವ ಬ್ರಷ್ಷನ್ನು ಅರ್ಧ ಮಾಡಿದೆ. ನಾಲ್ಕು ಗ್ರಾಮ್ ಉಳಿತಾಯ. ಆ ವಾರವೆಲ್ಲ ಹಲ್ಲುಜ್ಜುವಾಗ ಮುಷ್ಟಿಯೇ ಬಾಯೊಳಗೆ ಹೋಗುತ್ತಿತ್ತು.

ಟೆಂಟು ಕೊಳ್ಳಲು ಹಮ್ದಾನ್ ಸ್ಟ್ರೀಟಿನ ಇಬ್ರಾಹಿಂ ಭಾಯಿಯ ಅಂಗಡಿಗೆ ಹೋದೆ. ಭಟ್ಕಳದವರು. ಸೂಟ್‌ಕೇಸು, ಕಂಬಳಿ, ಟಾರ್ಚು, ಟೆಂಟು ಎಲ್ಲ ಮಾರುತ್ತಾರೆ. ಮನೆಯವರೊಡನೆ ನವಾಯತಿಯಲ್ಲಿ, ಗಿರಾಕಿಗಳೊಡನೆ ಆರು ಭಾಷೆಗಳಲ್ಲಿ ಮಾತಾಡುತ್ತಾರೆ.

"ಒಬ್ಬರಿಗೆ ಆಗುವ ಟೆಂಟು" ಎಂದೆ.

"ಒಬ್ಬರಿಗಾ?" ಅವರು ಕನ್ನಡಕ ಮೇಲೆ ಮಾಡಿದರು. "ಒಬ್ಬರಿಗೆ ಟೆಂಟು ಯಾರು ಮಾಡ್ತಾರೆ? ಮಾಫಿ. ಇಲ್ಲ ಅದು. ಮೂರು ಜನದ್ದು ಉಂಟು, ಆರು ಜನದ್ದು ಉಂಟು, ಮಜ್ಲಿಸ್ ಟೆಂಟು ಉಂಟು, ಹದಿನೈದು ಜನ ಕೂತು ಬಿರಿಯಾನಿ ತಿನ್ಬಹುದು."

"ನಾನು ಒಬ್ಬನೇ ಹೋಗೋದು ಭಾಯಿ."

"ಯಾಕೆ, ಮನೆಯಲ್ಲಿ ಜಗಳವಾ?"

"ಜಿಂಕೆ ಫೋಟೊ ತೆಗೆಯೋದಕ್ಕೆ."

"ಜಿಂಕೆ ಅಲ್ ಐನ್ ಝೂನಲ್ಲಿ ಉಂಟಲ್ಲ! ಬಸ್ಸು ಹೋಗ್ತದೆ." ನನ್ನ ಮುಖ ನೋಡಿ ಅವರಿಗೆ ಕನಿಕರ ಬಂದಿರಬೇಕು. "ಆಯ್ತು, ಮೂರು ಜನದ್ದು ತಗೊಳ್ಳಿ. ಜಾಗ ಜಾಸ್ತಿ ಆಯ್ತು ಅಂತ ಯಾರೂ ಇವತ್ತಿನವರೆಗೆ ವಾಪಸ್ ತರ್ಲಿಲ್ಲ."

ಜನವರಿ ಹದಿನಾರರ ಸಂಜೆಗೆ ನನ್ನ ಚೀಲ ಸಿದ್ಧವಾಯಿತು. ಗಡ್ಡದವನು ನೋಡಿದ್ದರೆ ಅಪ್ಪಿಕೊಳ್ಳುತ್ತಿದ್ದ. ಮೇಲ್ಗಡೆ ಚಾಕು, ಪಕ್ಕದ ಜೇಬಿನಲ್ಲಿ ಕ್ಯಾಮೆರಾ, ಹೊರಗಿನ ಕುಣಿಕೆಯಲ್ಲಿ ಟಾರ್ಚು. ನಮ್ಮ ಕೋಣೆಯ ಬಾಗಿಲ ಹಿಂದೆ ತೂಗುಬಿಟ್ಟಿರುವ ಕೊಕ್ಕೆ ತಕ್ಕಡಿಗೆ ಸಿಕ್ಕಿಸಿ ನೋಡಿದೆ. ಹದಿಮೂರು ಕಿಲೋ ಆರುನೂರು.

ಅಷ್ಟರಲ್ಲಿ ಸದಾನಂದಣ್ಣ ಬಂದರು.

ಸದಾನಂದಣ್ಣ ನಮ್ಮ ಫ್ಲ್ಯಾಟಿನ ಹಿರಿಯರು. ಉಡುಪಿ ಕಡೆಯವರು, ಇಲ್ಲಿಗೆ ಬಂದು ಇಪ್ಪತ್ತೆರಡು ವರ್ಷ. ಯಾರೇ ಊರಿಗೆ ಹೊರಟರೂ ಅವರ ರಟ್ಟಿನ ಪೆಟ್ಟಿಗೆ ಕಟ್ಟಿಕೊಡುವ ಹಕ್ಕು ಅವರದು. ಮೂವತ್ತು ಕಿಲೋ ಮಿತಿಯಿದ್ದರೆ ಅವರ ಪೆಟ್ಟಿಗೆ ಇಪ್ಪತ್ತೊಂಬತ್ತೂವರೆ ತೂಗುತ್ತದೆ. ಯಾವತ್ತೂ ಅದಕ್ಕಿಂತ ಹೆಚ್ಚಿಲ್ಲ, ಕಡಿಮೆಯಂತೂ ಇಲ್ಲವೇ ಇಲ್ಲ. ಅವರು ಕಟ್ಟಿದ ಪೆಟ್ಟಿಗೆಯೊಂದು ಮಂಗಳೂರು ವಿಮಾನ ನಿಲ್ದಾಣದಲ್ಲಿ ಬೆಲ್ಟಿನಿಂದ ಕೆಳಕ್ಕೆ ಬಿದ್ದಾಗ ಪೆಟ್ಟಿಗೆಗೆ ಏನೂ ಆಗದೆ ನೆಲದ ಟೈಲು ಬಿರುಕುಬಿಟ್ಟಿತಂತೆ. ಅವರೇ ಹೇಳಿದ್ದು.

ತಕ್ಕಡಿಯ ಅಂಕೆ ನೋಡಿ ಅವರ ಮುಖ ಬಾಡಿತು. "ಎಂತ ಮಾರಾಯ, ಹದಿಮೂರಾ? ಇನ್ನೂ ಹದಿನಾರು ಕಿಲೋ ಖಾಲಿ ಉಂಟಲ್ಲ!"

"ಸದಾನಂದಣ್ಣ, ಇದು ವಿಮಾನಕ್ಕಲ್ಲ. ನಾನೇ ಬೆನ್ನಮೇಲೆ ಹೊರಬೇಕು."

"ಯಾರು ಹೊತ್ತರೂ ಖಾಲಿ ಹೊರ್ಲಿಕ್ಕುಂಟಾ? ನೀ ಸ್ನಾನ ಮಾಡಿ ಬಾ. ನಾ ನೋಡ್ತೇನೆ. ಯಲ್ಲಾ, ಹೋಗು."

ಇಲ್ಲಿ ನಾನು ಒಂದು ವಿಷಯ ಒಪ್ಪಿಕೊಳ್ಳಬೇಕು. ನಾನು ತಡೆಯಬಹುದಾಗಿತ್ತು. ತಡೆಯಲಿಲ್ಲ. ಯಾಕೆಂದರೆ ತಕ್ಕಡಿಯಲ್ಲಿ ಹದಿಮೂರು ಕಂಡಾಗ ನನಗೂ ಒಳಗೊಳಗೇ ಕಸಿವಿಸಿಯಾಗಿತ್ತು. ಏಳು ವರ್ಷ ಗಲ್ಫಿನಲ್ಲಿ ಇದ್ದವನ ಬೆರಳಿಗೆ ಮೂವತ್ತರ ತೂಕ ಗೊತ್ತಿರುತ್ತದೆ. ಅದಕ್ಕಿಂತ ಹಗುರಾದ ಚೀಲ ಎತ್ತಿದರೆ ಏನನ್ನೋ ಮರೆತ ಹಾಗೆ, ಯಾರಿಗೋ ಏನೋ ಒಯ್ಯದ ಹಾಗೆ ಅನಿಸುತ್ತದೆ.

ಸ್ನಾನ ಮುಗಿಸಿ ಬಂದಾಗ ಚೀಲ ಇರಲಿಲ್ಲ. ಅದರ ಜಾಗದಲ್ಲಿ ಕಂದು ಟೇಪಿನಲ್ಲಿ ಆಪಾದಮಸ್ತಕ ಸುತ್ತಿದ, ನೀಲಿ ನೈಲಾನ್ ಹಗ್ಗ ಬಿಗಿದ, ಎರಡು ಪಟ್ಟಿ ಮಾತ್ರ ಕಿವಿಯಂತೆ ಹೊರಗಿದ್ದ ಒಂದು ದುಂಡು ಪ್ರಾಣಿ ಕೂತಿತ್ತು. ನಾಲ್ಕೂ ಕಡೆ ಮಾರ್ಕರಿನಲ್ಲಿ ನನ್ನ ಹೆಸರು, ಮೊಬೈಲ್ ನಂಬರು. ತಕ್ಕಡಿ ಇಪ್ಪತ್ತೊಂಬತ್ತೂವರೆ ಎಂದಿತು.

"ಏನೇನು ಹಾಕಿದ್ರಿ?"

"ಕುಕ್ಕರ್ ಉಂಟು. ಕುಚ್ಚಲಕ್ಕಿ ಉಂಟು. ಮಿಡಿ ಉಪ್ಪಿನಕಾಯಿ ಬಾಟ್ಲಿ, ಟವೆಲಲ್ಲಿ ಸುತ್ತಿ ಇಟ್ಟಿದ್ದೇನೆ, ಒಡೆಯುದಿಲ್ಲ. ಎರಡು ಕಂಬಳಿ. ಜಿರಳೆ ಸ್ಪ್ರೇ."

"ಜಿರಳೆ ಸ್ಪ್ರೇ ಯಾಕೆ?"

"ನಿನ್ನ ಪಟ್ಟಿಯಲ್ಲಿ ಕರಡಿ ಸ್ಪ್ರೇ ಅಂತ ಬರೆದಿದ್ದೀಯಲ್ಲ. ಅದು ನಮ್ಮಲ್ಲಿ ಇಲ್ಲ." ಅವರು ಟೇಪಿನ ಕೊನೆಯನ್ನು ಹೆಬ್ಬೆರಳಿನಿಂದ ಉಜ್ಜಿ ಕೂರಿಸಿದರು. "ಚಾಕು ಎಲ್ಲ ಮೇಲೆಯೇ ಇಟ್ಟಿದ್ದೀಯಲ್ಲ ಮಾರಾಯ, ಬುದ್ಧಿ ಉಂಟಾ ನಿನಗೆ? ಹರಿತದ್ದು, ಬ್ಯಾಟ್ರಿ, ಕ್ಯಾಮೆರಾ ಎಲ್ಲ ನಟ್ಟನಡುವೆ ಹಾಕಿದ್ದೇನೆ. ಸುತ್ತ ಬಟ್ಟೆ. ಖಲಾಸ್."

ನೀವು ಈಗಲೇ ನಗುತ್ತಿದ್ದೀರಿ. ನಾನು ನಗಲಿಲ್ಲ. ನನಗೆ ಅದರಲ್ಲಿ ವಿಚಿತ್ರವೇನೂ ಕಾಣಲಿಲ್ಲ. ಇಲ್ಲಿಂದ ಹೊರಟ ಸಾಮಾನೆಲ್ಲ ಹೀಗೇ ಇರುತ್ತದೆ. "ಥ್ಯಾಂಕ್ಸ್ ಸದಾನಂದಣ್ಣ" ಎಂದು ಡೈರಿಯಲ್ಲಿ ತೂಕ ಬರೆದುಕೊಂಡು ಮಲಗಿದೆ.

ಮರುದಿನ ಶನಿವಾರ. ಆ ಪ್ರಾಣಿಯನ್ನು ಹೊತ್ತು ಲಿಫ್ಟಿಗೆ ಬಂದರೆ ಎದುರು ಮನೆಯಾಕೆ "ಊರಿಗಾ?" ಎಂದು ಕೇಳಿದಳು. ಕೆಳಗೆ ವಾಚ್‌ಮನ್ "ಘರ್ ಜಾ ರಹೇ ಹೋ?" ಎಂದು ಎದ್ದು ನಿಂತ, ಉತ್ತರಕ್ಕೆ ಕಾಯದೆ ಎರಡೂ ಕೈ ಹಿಡಿದುಕೊಂಡು, ಏನಾದರೂ ತಪ್ಪಾಗಿದ್ದರೆ ಮಾಫ್ ಮಾಡಬೇಕೆಂದ. ನಾನೂ ಮಾಫ್ ಕೇಳಿದೆ. ನಾಳೆ ಬೆಳಿಗ್ಗೆ ಬರುತ್ತೇನೆಂದು ಹೇಳಲು ಧೈರ್ಯವಾಗಲಿಲ್ಲ. ಪೆಟ್ರೋಲ್ ಬಂಕಿನಲ್ಲಿ, ಮರುಭೂಮಿಯಂಚಿನ ಊರು ಮದೀನತ್ ಜಾಯೆದ್‌ನ ಕಿರಾಣಿ ಅಂಗಡಿಯಲ್ಲಿ, ಹಿಂದಿನ ಸೀಟಿನಲ್ಲಿ ಬೆಲ್ಟು ಹಾಕಿಕೊಂಡು ಕೂತ ಅದನ್ನು ನೋಡಿ ಎಲ್ಲರೂ ನನ್ನನ್ನು ಬೀಳ್ಕೊಟ್ಟರು. ಒಟ್ಟು ನಾಲ್ಕು ಬೀಳ್ಕೊಡುಗೆ. ಒಬ್ಬ ಮನುಷ್ಯ ಅಷ್ಟು ಸಲ ಊರಿಗೆ ಹೊರಟು ಒಮ್ಮೆಯೂ ಹೋಗದಿರುವುದು ನನ್ನ ದಾಖಲೆಗಳಲ್ಲೇ ಮೊದಲು.

ಮದೀನತ್ ಜಾಯೆದ್ ದಾಟಿ ದಕ್ಷಿಣಕ್ಕೆ ಬಂದು, ಡಾಂಬರಿನಂಚಿನ ಗಟ್ಟಿ ನೆಲದಲ್ಲಿ ನನ್ನ ಸಣ್ಣ ಕಾರು ನಿಲ್ಲಿಸಿದೆ. ಅಲ್ಲಿಂದ ಮರಳಿನಲ್ಲಿ ಕಾಲ್ನಡಿಗೆ. ಗಡ್ಡದವನು ಹತ್ತು ಮೈಲಿ ಒಳಕ್ಕೆ ಹೋಗುತ್ತಾನೆ. ನಾನು ಒಂದು ಸಾವಿರದ ಆರುನೂರ ನಲವತ್ತು ಹೆಜ್ಜೆ ಹೋದೆ. ಹನ್ನೊಂದು ಸಲ ಕೂತೆ. ಬೆನ್ನ ಮೇಲೆ ಕುಕ್ಕರು ತನ್ನ ಹಿಡಿಯಿಂದ ಒಂದೇ ಜಾಗಕ್ಕೆ ತಿವಿಯುತ್ತಿತ್ತು. ಎರಡು ದಿಬ್ಬಗಳ ನಡುವಿನ ತಗ್ಗಿನಲ್ಲಿ ಒಂದಿಷ್ಟು ಹಸಿರು ಪೊದೆಗಳಿದ್ದವು, ಪೊದೆಗಳ ಬುಡದಲ್ಲಿ ಪುಟ್ಟ ಗೊರಸಿನ ಗುರುತುಗಳಿದ್ದವು. ಚೀಲ ಇಳಿಸಿದೆ. ನಾಲ್ಕೂ ಮುಕ್ಕಾಲು. ಒಳ್ಳೆಯ ಬೆಳಕು. ಕ್ಯಾಮೆರಾ ತೆಗೆಯೋಣವೆಂದು ಕೈ ಹಾಕಿದೆ.

ಕೈ ಹಾಕಲು ಜಾಗವಿರಲಿಲ್ಲ.

ಟೇಪು ಕತ್ತರಿಸಬೇಕು. ಚಾಕು ಟೇಪಿನೊಳಗಿತ್ತು. ಉಗುರು ಕತ್ತರಿ ಚಾಕುವಿನ ಪಕ್ಕದಲ್ಲಿತ್ತು. ಕಾರಿನ ಕೀಲಿಯಿಂದ ಗೀರಿದೆ. ಅದು ಅಂಟಿಕೊಂಡು ನಿಂತಿತು. ಹಗ್ಗದ ಗಂಟು ಬಿಚ್ಚಲು ಹೋದೆ. ಇಪ್ಪತ್ತೆರಡು ವರ್ಷದ ಅನುಭವದ ಗಂಟು, ಅದು ಬಿಚ್ಚುವುದಕ್ಕೆಂದು ಹಾಕಿದ್ದಲ್ಲ. "ಸದಾನಂದಣ್ಣಾ!" ಎಂದು ಕೂಗಿದೆ. ಯಾಕೆ ಕೂಗಿದೆನೋ. ಜೀವನದಲ್ಲಿ ಯಾವುದೇ ಗಂಟು ಬಿಚ್ಚದಿದ್ದಾಗ ನಾನು ಯಾರನ್ನಾದರೂ ಕೂಗಿದ್ದೇನೆ, ಯಾರಾದರೂ ಬಂದಿದ್ದಾರೆ. ಮರಳು ಸುಮ್ಮನಿತ್ತು. ಆಗ ಮೊದಲ ಬಾರಿಗೆ ನನಗೆ ಅರ್ಥವಾಯಿತು, ನಾನು ನಿಜವಾಗಿಯೂ ಒಬ್ಬನೇ ಬಂದಿದ್ದೇನೆ. ಕೂತು, ಚೀಲವನ್ನು ಮಂಡಿಯಡಿ ಅದುಮಿ, ತಲೆ ಬಗ್ಗಿಸಿ, ಟೇಪಿಗೆ ಬಾಯಿ ಹಾಕಿದೆ.

ಎಷ್ಟು ಹೊತ್ತು ಕಚ್ಚಿದೆನೋ, ಉಗುಳಲು ತಲೆಯೆತ್ತಿದಾಗ ಅವು ನಿಂತಿದ್ದವು. ಮೂರು ಜಿಂಕೆ. ಮರಳಿನದೇ ಬಣ್ಣ, ಹೊಟ್ಟೆ ಬೆಳ್ಳಗೆ, ಕೊಂಬು ಹಿಂದಕ್ಕೆ ಬಾಗಿದ್ದವು. ಎಪ್ಪತ್ತು ಹೆಜ್ಜೆ ದೂರವಿರಬಹುದು. ಅವು ನೋಡುತ್ತಿದ್ದುದನ್ನು ನಾನೂ ಅವುಗಳ ಕಣ್ಣಿನಿಂದ ಒಮ್ಮೆ ನೋಡಿಕೊಂಡೆ: ಎರಡು ಕಾಲಿನ ಪ್ರಾಣಿಯೊಂದು ಕಂದು ಬಣ್ಣದ ದುಂಡನೆಯ ಪ್ರಾಣಿಯೊಂದನ್ನು ನೆಲಕ್ಕೆ ಕೆಡವಿ, ಅದರ ಹೊಟ್ಟೆಯನ್ನು ಹಲ್ಲಿನಿಂದ ಬಗೆಯುತ್ತಿದೆ. ಬಾಯಿಂದ ಚರ್ಮ ಜೋತಾಡುತ್ತಿದೆ. ಮೊಟ್ಟೆ ಒಡೆಯುವುದನ್ನು ನೋಡಲಾಗದ ನಾನು ಆ ಮೂವರ ನೆನಪಿನಲ್ಲಿ ಶಾಶ್ವತವಾಗಿ ಒಬ್ಬ ಕ್ರೂರ ಬೇಟೆಗಾರ.

ಮೆಲ್ಲಗೆ ಜೇಬಿನಿಂದ ಫೋನು ತೆಗೆದು ಒತ್ತಿದೆ. ಅವು ಓಡಿದವು. ಫೋಟೊದಲ್ಲಿ ಮೂರು ಚುಕ್ಕೆಗಳಿವೆ, ನನ್ನ ಹೆಬ್ಬೆರಳಿದೆ. ಹೆಬ್ಬೆರಳು ಸ್ಪಷ್ಟವಾಗಿದೆ.

ಕತ್ತಲಾಗುವ ಹೊತ್ತಿಗೆ ಟೇಪು ಹರಿದು ಕೈ ಒಳಗೆ ಹೋಯಿತು, ಚಾಕು ಸಿಕ್ಕಿತು. ರಾತ್ರಿಯ ಬಗ್ಗೆ ಹೆಚ್ಚು ಬರೆಯಲಾರೆ. ಹೆದರಿದೆ. ಚಳಿಗೆ ನಡುಗಿದೆ. ಸದಾನಂದಣ್ಣನ ಎರಡು ಕಂಬಳಿಗಳ ಬಗ್ಗೆ ನಾನು ಅಂದುಕೊಂಡಿದ್ದೆಲ್ಲವನ್ನೂ ಮನಸ್ಸಿನಲ್ಲೇ ವಾಪಸು ತೆಗೆದುಕೊಂಡೆ. ಕುಚ್ಚಲಕ್ಕಿಯನ್ನು ಬೇಯಿಸುವ ಒಲೆ ಪಟ್ಟಿಯಲ್ಲೂ ಇರಲಿಲ್ಲ, ಚೀಲದಲ್ಲೂ ಇರಲಿಲ್ಲ. ಅವಲಕ್ಕಿಗೆ ಉಪ್ಪಿನಕಾಯಿ ಕಲಸಿ ತಿಂದೆ. ಬೆಳಿಗ್ಗೆ ಎದ್ದು ನೋಡಿದಾಗ ಒಂದು ವಿಷಯ ಕಂಡಿತು. ಮೂರು ಜನರ ಟೆಂಟಿನಲ್ಲಿ ನಾನು ಬಲಗಡೆಯ ಗೋಡೆಗೆ ಅಂಟಿಕೊಂಡು, ಕೈಗಳನ್ನು ಎದೆಗೆ ಮಡಚಿ, ಪಕ್ಕಕ್ಕೆ ತಿರುಗಿ ಮಲಗಿದ್ದೆ. ರಾತ್ರಿ ಎಲ್ಲೆಲ್ಲಿಂದಲೋ ನುಗ್ಗಿದ ನುಣ್ಣನೆಯ ಮರಳು ಟೆಂಟಿನ ನೆಲದ ತುಂಬ ತೆಳ್ಳಗೆ ಕೂತಿತ್ತು. ನಾನು ಮಲಗಿದ್ದಷ್ಟು ಜಾಗ ಮಾತ್ರ ಖಾಲಿ. ಗೋದಾಮಿನ ಅಳತೆ ಟೇಪು ಜೊತೆಗಿತ್ತು. ಒಂದೂವರೆ ಅಡಿ. ಮಿಕ್ಕ ಜಾಗದಲ್ಲಿ ಒಂದು ಗೆರೆಯೂ ಮೂಡಿರಲಿಲ್ಲ, ಆರು ಜನ ಮಲಗಬಹುದೆಂದು ಕಾದಿಟ್ಟ ಹಾಗೆ.

ವಾಪಸು ಬರುತ್ತಾ ಮದೀನತ್ ಜಾಯೆದ್‌ನ ಚಹಾದಂಗಡಿಯ ಮುಂದೆ ಕಾರು ನಿಲ್ಲಿಸಿ, ಕರಕ್ ಚಹಾ ಹಿಡಿದು ಶುಭಾಗೆ ಫೋನು ಮಾಡಿದೆ. ಸುಳ್ಳು ಈಗ ನಿಜವಾಗಿತ್ತು. ಫೋಟೊ ಕಳಿಸಿ ಸುಮ್ಮನಿದ್ದುಬಿಡಬಹುದಿತ್ತು. ಆದರೆ ಡೈರಿಯಲ್ಲಿ "ಒಂದು" ಎಂದು ಬರೆಯಬೇಕಾದವನು ಫೋನಿನಲ್ಲಿ "ಎಷ್ಟೋ ಸಲ" ಎನ್ನುವುದು ಹೇಗೆ? ಅವಳು ಒಪ್ಪಿಕೊಂಡದ್ದೇ ಈ ಒಂದು ಮಾತಿಗೆ. ಅದು ಹೋದರೆ ಅವಳೂ ಹೋಗಬಹುದು.

"ಶುಭಾ, ನಿನ್ನೆ ಮರುಭೂಮಿಗೆ ಹೋಗಿದ್ದೆ. ಒಬ್ಬನೇ."

"ಹೂಂ."

"ಮೊದಲನೇ ಸಲ."

ನಾನು ಒಂದೇ ಉಸಿರಿಗೆ ಎಲ್ಲ ಹೇಳಿದೆ. ಸೊನ್ನೆ, ಗಡ್ಡದವನು, ಟೇಪು, ಹಲ್ಲು, ಜಿಂಕೆ, ಹೆಬ್ಬೆರಳು.

"ಮೊದಲನೇ ಸಲ ಅನ್ನೋದು ಗೊತ್ತಿತ್ತು ರೀ" ಎಂದಳು. "ಜಿಂಕೆ ಏನ್ ತಿನ್ನುತ್ತೆ ಅಂದ್ರೆ ದಿನಕ್ಕೆ ಮೂರು ಸಲ ಅಂದೋರು ನೀವು. ಅವತ್ತು ರಾತ್ರಿ ನಾನೂ ನನ್ ತಮ್ಮಾನೂ ಎಷ್ಟು ನಕ್ಕಿದ್ದೀವಿ! ಆದ್ರೆ ಮಿಕ್ಕಿದ್ದಾದ್ರೂ ನಿಜ ಇರ್ಬೋದು, ಒಬ್ಬರೇ ಇರೋಕೆ ಬರ್ಬೋದು ಅಂದ್ಕೊಂಡಿದ್ದೆ." ಅವಳ ದನಿ ತಗ್ಗಿತು. "ಅದೂ ಬರಲ್ಲ ಅಲ್ವಾ ನಿಮ್ಗೆ?"

"ಬರಲ್ಲ" ಎಂದೆ. "ರಾತ್ರಿಯೆಲ್ಲ ಹೆದರ್ಕೊಂಡಿದ್ದೆ."

ಫೋನಿನ ತೆರೆಯ ಮೇಲೆ ಓಡುವ ಅಂಕೆಗಳನ್ನು ಎಣಿಸಿದೆ. ಇಪ್ಪತ್ತಮೂರು ಸೆಕೆಂಡು.

"ಟೆಂಟು ಎಷ್ಟು ಜನದ್ದು?" ಎಂದು ಕೇಳಿದಳು ಕೊನೆಗೆ.

"ಮೂರು ಜನದ್ದು. ಒಬ್ಬರದ್ದು ಸಿಗಲಿಲ್ಲ."

"ಆರಾಮಾಗಿ ಕೈಕಾಲು ಚಾಚಿ ಮಲಗಿದ್ರಾ?"

"ಇಲ್ಲ. ಒಂದೂವರೆ ಅಡೀಲಿ ಮಲಗಿದ್ದೆ. ಬೆಳಿಗ್ಗೆ ಅಳೆದೆ."

"ಮಿಕ್ಕ ಜಾಗ?"

"ಹಾಗೇ ಇತ್ತು. ಮುಟ್ಟಿಲ್ಲ."

ಆ ಕಡೆ ಮೊದಲು ಒಂದು ಸಣ್ಣ ಸದ್ದು ಕೇಳಿಸಿತು, ಆಮೇಲೆ ದೊಡ್ಡದಾಗಿ ನಗು. ನಕ್ಕು ನಕ್ಕು ಸುಧಾರಿಸಿಕೊಂಡು ಅವಳು ಹೇಳಿದಳು: "ಪೂರ್ತಿ ಜಾಗ ಖಾಲಿ ಇದ್ರೂ ಮುಟ್ಟದವರನ್ನ ನಾನು ಇದುವರೆಗೆ ನೋಡಿಲ್ಲ. ಸರಿ. ಆ ಫ್ಲ್ಯಾಟಿಗೆ ಮಂಚ ತಗೊಳ್ಳುವಾಗ ಆರಡಿ ಅಗಲದ್ದು ತಗೊಳ್ಳಿ. ಗೋಡೆ ಕಡೆ ಒಂದೂವರೆ ನಿಮ್ದು. ಮಿಕ್ಕಿದ್ದೆಲ್ಲ ನಂದು."

ಅಂದು ಸಂಜೆ ಡೈರಿಯ ಕೊನೆಯ ಪುಟ ತೆಗೆದು ಸೊನ್ನೆಯನ್ನು ಹೊಡೆದುಹಾಕಿ ಒಂದು ಎಂದು ಬರೆದೆ. ಹದಿನೇಳರ ಪುಟಕ್ಕೆ ಟೇಪು ಅಂಟಿಸಿದೆ. ಆಮೇಲೆ ಇಬ್ರಾಹಿಂ ಭಾಯಿಯ ಅಂಗಡಿಗೆ ಹೋಗಿ, ಟೆಂಟು ಹೇಗಿತ್ತು ಎಂದು ಅವರು ಕೇಳುವ ಮೊದಲೇ, ಮಂಚ ಎಲ್ಲಿ ಸಿಗುತ್ತದೆಂದು ವಿಚಾರಿಸಿದೆ.

"ಎಷ್ಟು ಅಗಲದ್ದು ಬೇಕು?" ಎಂದರು.

"ಆರಡಿ."

ಅವರು ಕನ್ನಡಕವನ್ನು ಮೇಲೆ ಮಾಡಿ ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. "ನಿಮಗೆ ಒಬ್ಬರಿಗಾ?"